ತೀರ್ಪಿನ ಆಟ

ರಜ ಹಾಕು ಎಂದು ಮಗಳು ಹೇಳಿದ್ದನ್ನು ಅವನು ಬಸ್ಸಿನ ಕಂಬಿ ಹಿಡಿದು ನಿಂತು ನಾಲ್ಕೈದು ಸಲ, ಒಂದೊಂದು ಸಲ ಒಂದೊಂದು ದನಿಯಲ್ಲಿ, ಮನಸ್ಸಿನೊಳಗೇ ಆಡಿ ನೋಡಿದ. ಬೇಡುವ ದನಿಯಲ್ಲಿ ಆಡಿದರೆ ಒಂದು ಥರ ಕೇಳುತ್ತಿತ್ತು, ಗದರುವ ದನಿಯಲ್ಲಿ ಇನ್ನೊಂದು ಥರ. ನಿಜಕ್ಕೂ ಅವಳು ಹೇಳಿದ್ದು ಎರಡೂ ಅಲ್ಲದ ಒಂದು ಚಪ್ಪಟೆ ದನಿಯಲ್ಲಿ, ಬೂಟಿನ ದಾರ ಕಟ್ಟುತ್ತ, ತಲೆ ಎತ್ತದೆ. "ಅಪ್ಪಾ, ಇವತ್ತು ನಮ್ಮ ಕ್ಲಾಸು ನಿಮ್ಮಲ್ಲಿಗೆ ಬರ್ತಿದೆ. ನೀನು ರಜ ಹಾಕು." ಯಾಕಮ್ಮಾ ಎಂದರೆ "ಸುಮ್ನೆ" ಎಂದಳು. ಒಲೆಯ ಮುಂದಿದ್ದ ಹೆಂಡತಿ ತಿರುಗಿಯೂ ನೋಡದೆ, "ಅವಳ ಗೆಳತಿಯರ ಮುಂದೆ ನೀವು ಕತ್ತೆ ಥರ ಕಿರುಚೋದು ಬೇಡ ಅಂತಿದ್ದಾಳೆ, ಅಷ್ಟೂ ಗೊತ್ತಾಗಲ್ವಾ?" ಎಂದಿದ್ದಳು. ಗೊತ್ತಾಗಿತ್ತು. ಗೊತ್ತಾದದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಮಾತ್ರ ಅದು ಕೆನ್ನೆಗೆ ಬಿದ್ದಂತೆ ಆಗುತ್ತದೆ. ಒಂಬತ್ತು ವರ್ಷದಿಂದ ಈ ಮನೆಯ ಒಲೆ ಉರಿಯುತ್ತಿರುವುದು ಅದೇ ಕಿರುಚಾಟದಿಂದ ಎಂದು ಹೇಳಬಹುದಿತ್ತು. ಬಾಗಿಲು ದಾಟುವಾಗ ಮಗಳ ತಲೆ ಸವರಲು ಹೋದ ಕೈಯಿಂದ ಅವಳು ಬಗ್ಗಿ ತಪ್ಪಿಸಿಕೊಂಡಳು. ಆ ಕೈ ಇನ್ನೂ ಗಾಳಿಯಲ್ಲೇ ಇದೆಯೇನೋ ಎನ್ನಿಸಿ ಅವನು ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಹನ್ನೆರಡು ತುಂಬಿದ ಹುಡುಗಿಗೆ ಅಪ್ಪನ ಬಗ್ಗೆ ನಾಚಿಕೆ. ಆಗುವಂಥದ್ದೇ. ತನಗೂ ತನ್ನಪ್ಪ ಶಾಲೆಯ ಗೇಟಿಗೆ ಬಂದು ಜೋರಾಗಿ ಹೆಸರು ಹಿಡಿದು ಕೂಗಿದಾಗ ನೆಲ ಬಾಯಿಬಿಡಬಾರದೇ ಎನ್ನಿಸುತ್ತಿತ್ತು. ನೋಯುವ ಹಲ್ಲಿಗೆ ನಾಲಿಗೆ ಹೋಗಿ ಹೋಗಿ ತಾಗುವ ಹಾಗೆ ಮನಸ್ಸು ಆ ಬೂಟಿನ ದಾರಕ್ಕೇ ಹೋಗುತ್ತಿತ್ತು. ಎಷ್ಟೊಂದು ನಿಧಾನವಾಗಿ ಕಟ್ಟುತ್ತಿದ್ದಳು ಅದನ್ನು, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತ.

ಕೆಲಸದ ಜಾಗ ಒಂದು ಹಳೆಯ ನ್ಯಾಯಸ್ಥಾನ. ಮೇಲೆ ದೊರೆ ಕೂತು ತೀರ್ಪು ಕೊಡುತ್ತಿದ್ದ ಹಜಾರ, ಕೆಳಗೆ ಹನ್ನೆರಡು ಕತ್ತಲೆ ಕೋಣೆ. ಈಗ ಅದು ವಸ್ತುಸಂಗ್ರಹಾಲಯ. ಅವನು ಅಲ್ಲಿಯ ಮಾರ್ಗದರ್ಶಿ. ಜೊತೆಯವರು ಅವನನ್ನು ಮಾತಿನಮಲ್ಲ ಎಂದು ಕರೆಯುತ್ತಾರೆ. ಆ ಹೆಸರಲ್ಲಿ ಮೆಚ್ಚುಗೆ ಎಷ್ಟು, ಮೂದಲಿಕೆ ಎಷ್ಟು ಎಂದು ಅಳೆಯುವುದನ್ನು ಅವನು ಎಂದೋ ಬಿಟ್ಟಿದ್ದಾನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಹುರುಪು ಇನ್ನೂ ಬಿಸಿಯಾಗಿದ್ದಾಗ, ಅವನು ಉಗ್ರಾಣದಲ್ಲಿ ಕೂತು ಆ ನ್ಯಾಯಸ್ಥಾನದ ದಫ್ತರಗಳನ್ನೆಲ್ಲ ಓದಿದ್ದ. ಒಬ್ಬ ದೊರೆ ಬಾವಿಯೊಳಗೆ ಬಗ್ಗಿ ನೋಡಿದಾಗ ತನ್ನ ಮುಖ ಅಲುಗಾಡಿತೆಂದು ಬಾವಿಗೇ ಮರಣದಂಡನೆ ವಿಧಿಸಿ ಕಲ್ಲು ತುಂಬಿಸಿದ್ದ. ಆ ಬೇಸಿಗೆ ಆ ಬೀದಿಯಲ್ಲಿ ನಲವತ್ತು ಜನ ನೀರಿಲ್ಲದೆ ಸತ್ತದ್ದನ್ನು ಅದೇ ಪುಟದ ಅಂಚಿನಲ್ಲಿ, ಶಾಯಿ ಉಳಿಸುವವನ ಹಾಗೆ ಸಣ್ಣ ಅಕ್ಷರದಲ್ಲಿ, ಯಾರೋ ಬರೆದಿಟ್ಟಿದ್ದರು. ಅವನ ಮಗ, ನಿದ್ದೆ ಕೆಡಿಸಿತೆಂದು ಊರ ಗಂಟೆಯ ನಾಲಿಗೆ ಕೀಳಿಸಿ ಹೂಳಿಸಿದ. ಮೂರು ವರ್ಷ ಊರಿಗೆ ಹೊತ್ತು ಏರಿದ್ದೂ ಇಳಿದದ್ದೂ ತಿಳಿಯಲಿಲ್ಲ. ಮೊಮ್ಮಗ ಕುಂಟುತ್ತಿದ್ದ, ಅವನೆದುರು ನೆಟ್ಟಗೆ ನಡೆದ ಓಲೆಕಾರನಿಗೆ ಹನ್ನೊಂದು ದಿನ ಕತ್ತೆಮುಖ. ಕಾಳಿನ ಧಾರಣೆ ಯಾಕೆ ಏರಿತು ಎಂದು ಕೇಳಿದ ಹೆಂಗಸಿಗೆ ಸಾಯುವ ತನಕ ಕತ್ತೆಮುಖ. ಅದು ಗಾಜಿನ ಪೆಟ್ಟಿಗೆಯಲ್ಲಿದೆ: ಇಡೀ ತಲೆಯನ್ನು ನುಂಗುವ ಕಬ್ಬಿಣದ ಕತ್ತೆಯ ಮುಖ, ಉದ್ದ ಕಿವಿ, ಒಳಗೆ ನಾಲಿಗೆಯನ್ನು ಒತ್ತಿ ಹಿಡಿಯುವ ಒಂದು ಚೂಪು ತಗಡು, ಹಿಂದೆ ಕೊಂಡಿ.

ಓದುತ್ತ ಓದುತ್ತ ಅವನಿಗೆ ದೊರೆಗಳ ಮೇಲಿನ ಸಿಟ್ಟು ಇಳಿದುಹೋಗಿತ್ತು. ತಲೆಕೆಟ್ಟವನು ಯಾವ ಮನೆಯಲ್ಲಿ ಬೇಕಾದರೂ ಹುಟ್ಟುತ್ತಾನೆ. ಬಾವಿಗೆ ಕಲ್ಲು ಹೊತ್ತವರು ಯಾರು? ಹೊತ್ತವರಲ್ಲಿ ಆ ಬೀದಿಯವರೇ ಎಷ್ಟು ಮಂದಿ ಇದ್ದರು? ಆ ಕತ್ತೆಯ ಕಿವಿಯನ್ನು ಅಷ್ಟು ಅಂದವಾಗಿ, ಒಳಮಡಿಕೆ ಸಮೇತ ಬಡಿದು ಎತ್ತಿದ ಕಮ್ಮಾರ ತಲೆಯ ಅಳತೆ ಕೇಳಿರಬೇಕಲ್ಲ, ಗಂಡಸಿನದೋ ಹೆಂಗಸಿನದೋ ಎಂದು ವಿಚಾರಿಸಿರಬೇಕಲ್ಲ, ಆಮೇಲೆ ಮನೆಗೆ ಹೋಗಿ ಕೈತೊಳೆದು ಉಂಡು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡಿರಬೇಕಲ್ಲ. ಒಬ್ಬನ ಹುಚ್ಚು ಊರಿನ ಕಾನೂನಾಗಬೇಕಾದರೆ ಬುದ್ಧಿ ನೆಟ್ಟಗಿರುವ ಸಾವಿರ ಜನ ದಿನವೂ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಬೇಕು. ಇದನ್ನೇ ಅವನು ಮೊದಲ ವರ್ಷ ಜನರಿಗೆ ಹೇಳುತ್ತಿದ್ದ, ನರ ಉಬ್ಬಿಸಿಕೊಂಡು. ಜನ ಆಕಳಿಸಿದರು. ಹೊರಗೆ ಹೋಗುವ ಬಾಗಿಲು ಎಲ್ಲಿ ಎಂದು ಕಣ್ಣಲ್ಲೇ ಹುಡುಕಿದರು. ಒಬ್ಬರು ದೂರಿನ ಪುಸ್ತಕದಲ್ಲಿ, "ಮಾರ್ಗದರ್ಶಿಗೆ ನಮ್ಮ ಮೇಲೆ ಏನೋ ಹಳೇ ಸಿಟ್ಟು ಇದ್ದ ಹಾಗಿದೆ" ಎಂದು ಬರೆದು ಹೋದರು. ಮೇಲ್ವಿಚಾರಕ ಅದನ್ನು ತೋರಿಸಿ, "ರಜೆ ದಿನ ಹೆಂಡತಿ ಮಕ್ಕಳನ್ನ ಕರ್ಕೊಂಡು ಬಂದಿರ್ತಾರೆ ಕಣ್ರೀ. ಅವರನ್ನ ಅಳಿಸಿ ಕಳಿಸೋಕೆ ನಾವಿಲ್ಲಿ ಕೂತಿಲ್ಲ. ಬಾವಿ ಕಥೆ ಹೇಳಿ, ಗಂಟೆ ಕಥೆ ಹೇಳಿ, ಆ ನಲವತ್ತು ಜನ ಯಾಕೆ? ಅವರೇನು ನಿಮ್ಮ ನೆಂಟರಾ?" ಎಂದಿದ್ದ. ಹೀಗೇ ಮುಂದುವರಿಸಿದರೆ ಕೆಲಸ ಹೋಗುತ್ತದೆ ಎಂದು ಆ ಮಾತಿನಲ್ಲಿ ಇರಲಿಲ್ಲ. ಆದರೆ ಕೇಳಿತು.

ಆಗ ಹುಟ್ಟಿದ್ದು ಆಟ. ಬಂದವರಲ್ಲಿ ಒಬ್ಬರನ್ನು ದೊರೆಯ ಪೀಠದಲ್ಲಿ ಕೂರಿಸುವುದು, ಇನ್ನೊಬ್ಬರನ್ನು ಆರೋಪಿ ಮಾಡಿ, ಹಿಂದೆ ತಪ್ಪಿತಸ್ಥರನ್ನು ಊರಿಗೆಲ್ಲ ಕಾಣುವಂತೆ ಕೂರಿಸುತ್ತಿದ್ದ ನಾಚಿಕೆಕಲ್ಲಿನ ಮೇಲೆ ಕೂರಿಸುವುದು. ಆರೋಪಿ ಬಾಯಿಗೆ ಬಂದ ಒಂದು ತಪ್ಪು ಒಪ್ಪಿಕೊಳ್ಳಬೇಕು. ಗೊರಕೆ ಹೊಡೆದೆ, ಅತ್ತೆಗೆ ಎದುರು ಮಾತಾಡಿದೆ, ಏನಾದರೂ. ದೊರೆ ತೀರ್ಪು ಕೊಡಬೇಕು: ಕಲ್ಲಿನ ಮೇಲೇ ಇನ್ನಷ್ಟು ಹೊತ್ತು, ಕತ್ತೆಮುಖ, ಇಲ್ಲವೇ ಕ್ಷಮೆ. ತಗಡಿನ ಕೆಲಸದವನೊಬ್ಬ ಅಸಲಿಯ ಹಾಗೇ ಇನ್ನೊಂದು ಕತ್ತೆಮುಖ ಮಾಡಿಕೊಟ್ಟ, ನಾಲಿಗೆಯ ತಗಡು ಒಂದನ್ನು ಬಿಟ್ಟು. ಅದನ್ನು ಹಾಕಿ ಹಜಾರದಲ್ಲಿ ಒಂದು ಸುತ್ತು ನಡೆಸುವಾಗ ಅವನು ಹಿಂದಿನಿಂದ ಕತ್ತೆಯ ಹಾಗೆ ಅರಚುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. ಕೊನೆಗೆ ಅವನು ಕೈಯೆತ್ತಿ, ಇಷ್ಟು ವರ್ಷದಲ್ಲಿ ಒಬ್ಬರೇ ಒಬ್ಬರೂ ಕ್ಷಮೆ ಕೊಟ್ಟಿಲ್ಲ ಎಂದು ಹೇಳುತ್ತಾನೆ. ಅದು ನಿಜ. ಆ ಮಾತಿಗೆ ಜನ ಬೆಚ್ಚಿಬೀಳಬೇಕು ಎಂದು ಅವನು ಎಣಿಸಿದ್ದ. ಅವರು ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆಗೆ ಅವನು ಬಗ್ಗಿ ನಮಿಸುತ್ತಾನೆ.

ಇದನ್ನೆಲ್ಲ ಅವನು ಮೊದಲು ಆಡಿ ನೋಡಿದ್ದು ಮನೆಯಲ್ಲಿ. ಮಗಳಿಗೆ ಆಗ ಮೂರು ದಾಟಿತ್ತು. ಬಚ್ಚಲಿನ ಪ್ಲಾಸ್ಟಿಕ್ ಬಕೆಟ್ಟನ್ನು ತಲೆಗೆ ಹಾಕಿಸಿಕೊಂಡು ಒಳಗಿನಿಂದ ಅವಳು ನಗುತ್ತಿದ್ದರೆ ಆ ನಗು ದುಂಡಗೆ, ಬಾವಿಯೊಳಗಿನದರ ಹಾಗೆ ಕೇಳುತ್ತಿತ್ತು. "ಅಪ್ಪಾ, ಕತ್ತೆ ಹಂಗಲ್ಲ, ಹಿಂಗೆ" ಎಂದು ಅರಚಿ ತೋರಿಸಿದವಳೂ ಅವಳೇ. ಅವನ ಹೊಟ್ಟೆಪಾಡಿನ ಕೂಗು ಮಗಳು ತಿದ್ದಿಕೊಟ್ಟದ್ದು. ದಿನಾ ಸಂಜೆ ಬಂದವನನ್ನು ಕೇಳುವಳು: ಇವತ್ತು ಯಾರು ಆರೋಪಿ, ದಪ್ಪಗಿದ್ರಾ, ಅತ್ರಾ? ಅವನು ಉಪ್ಪು ಖಾರ ಹಚ್ಚಿ ಹೇಳುವನು. ಯಾವಾಗ ಕೇಳುವುದನ್ನು ಬಿಟ್ಟಳೋ ನೆನಪಿಲ್ಲ. ಆಸಕ್ತಿ ಹೋಗಿರಬೇಕು ಎಂದುಕೊಂಡಿದ್ದ.

ಅತ್ರಾ ಎಂಬ ಪ್ರಶ್ನೆಗೆ ಅವನು ಸುಳ್ಳು ಹೇಳಿದ ದಿನ ಒಂದಿತ್ತು. ಹೋದ ವರ್ಷ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ಒಬ್ಬ ಮುದುಕರು ಗುಂಪಿನ ಹಿಂದೆ ನಿಂತಿದ್ದರು. ಹಿಂದೆ ನಿಂತವರನ್ನೇ ಎಳೆದು ತರುವುದು ಅವನ ವೃತ್ತಿಯ ಗುಟ್ಟು. ಮುಂದೆ ನಿಂತವರು ಬರಲು ಒಪ್ಪುತ್ತಾರೆ, ಒಪ್ಪುವವರಲ್ಲಿ ನಗು ಕಡಿಮೆ. ಮುದುಕರು ಬೇಡ ಎಂದು ಕೈ ಆಡಿಸಿದರು. ಜನ "ಬನ್ನಿ ತಾತಾ, ಬನ್ನಿ" ಎಂದು ಚಪ್ಪಾಳೆಗೆ ತಾಳ ಹಾಕಿದರು. ಕತ್ತೆಮುಖದ ಕೊಂಡಿ ಬಿದ್ದ ಸದ್ದಿಗೆ ಅವರ ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋಗಿ ಒಂದರ ಮೇಲೊಂದು ಕೂತವು, ಯಾರೋ ಕಟ್ಟುತ್ತಾರೆ ಎಂಬಂತೆ. ಆಮೇಲೆ ಕಲ್ಲಿನ ಕೆಳಗೆ ನೀರು ಹರಿಯಿತು. ಅವನಿಗೆ ಅರ್ಥವಾಯಿತು; ಆ ಕೈಗಳು ಎಲ್ಲೋ, ಯಾವುದೋ ಕೋಣೆಯಲ್ಲಿ, ಬಹಳ ಹಳೆಯ ಕಾಲದಲ್ಲೇನೂ ಅಲ್ಲ, ಅದನ್ನು ಕಲಿತು ಬಂದಿವೆ ಎಂದು ಅರ್ಥವಾಯಿತು. ಅರ್ಥವಾದ ಆ ಕ್ಷಣದಲ್ಲೇ ಅವನ ಬಾಯಿ, "ನೋಡಿ, ದೊರೆಯ ಭಯಕ್ಕೆ ಕಲ್ಲೂ ಬೆವರಿತು!" ಎಂದಿತು. ಹಜಾರ ಹಾರಿಹೋಗುವಷ್ಟು ನಗು. ಮುಖ ಬಿಚ್ಚಿದಾಗ ಮುದುಕರು ಕರವಸ್ತ್ರದಿಂದ ಮೊದಲು ಕಲ್ಲನ್ನು ಒರೆಸಿದರು. "ತೊಂದ್ರೆ ಕೊಟ್ಟೆ ನಿಮಗೆ" ಎಂದರು. ಅವನಿಗೆ ಹೇಳಿದರು ಅದನ್ನು.

ಇವತ್ತು ಅವನು ಅರಚುವುದಿಲ್ಲ ಎಂದು ಗೇಟು ದಾಟುವಾಗಲೇ ನಿಶ್ಚಯ ಮಾಡಿದ. ರಜ ಹಾಕಲು ಹೊತ್ತು ಮೀರಿತ್ತು, ಆಟವನ್ನೇ ಬಿಟ್ಟರಾಯಿತು. ಮಗಳು ತಲೆ ತಗ್ಗಿಸುವುದು ಬೇಡ. ಮೇಲ್ವಿಚಾರಕನ ಕೋಣೆಗೆ ಹೋಗಿ ಗಂಟಲು ಕಟ್ಟಿದೆ ಎಂದ.

"ಕಟ್ಟಿದ ಗಂಟಲಲ್ಲೇ ಇಷ್ಟು ಚೆನ್ನಾಗಿ ಸುಳ್ಳು ಹೇಳ್ತೀರಲ್ಲ, ಬಿಚ್ಚಿದ್ರೆ ಇನ್ನೆಷ್ಟಪ್ಪಾ!" ಮೇಲ್ವಿಚಾರಕ ಟೀ ಲೋಟದೊಳಗೇ ನಕ್ಕ. "ಶಾಲೆಯವರು ಫೋನ್ ಮಾಡಿ ಮೊದಲು ಕೇಳಿದ್ದೇ ಆಟ ಇದೆಯಾ ಅಂತ. ಮಕ್ಕಳು ಅದಕ್ಕೇ ಬರೋದು. ನಿಮ್ಮ ಮಗಳದೇ ಕ್ಲಾಸಂತೆ? ಮತ್ತೆ? ಅಪ್ಪನ ಮಹಿಮೆ ನೋಡಲಿ ಬಿಡಿ."

"ಅವಳಿಗೆ ಮುಜುಗರ ಆಗುತ್ತೆ, ಸಾರ್."

"ಮುಜುಗರ ಆಗಿ ಯಾರೂ ಸತ್ತಿಲ್ಲ ಕಣ್ರೀ. ಹೋಗಿ, ಕೋಟು ಹಾಕ್ಕೊಳ್ಳಿ. ಅವರ ಹಿಂದೇನೇ ಇನ್ನೊಂದು ಗುಂಪು ಇದೆ, ಎಳೀಬೇಡಿ."

ಹತ್ತೂವರೆಗೆ ಮಕ್ಕಳು ಬಂದರು. ನಲವತ್ತು ಜೊತೆ ಬೂಟಿನ ಸದ್ದು ಕಲ್ಲುಹಾಸಿನ ಮೇಲೆ ಉರುಳಿ ಬಂತು. ಎದೆಗೆ ಪೀಪಿ ನೇತುಹಾಕಿಕೊಂಡ ಟೀಚರು, "ಸಾಲು, ಸಾಲು!" ಎನ್ನುತ್ತ ಹಿಂದೆ ಬಂದರು. ಅವನು ಕೆಂಪು ಕೋಟಿನ ಗುಂಡಿ ಹಾಕಿಕೊಂಡು ಪೀಠದ ಪಕ್ಕ ನಿಂತು ಮಗಳನ್ನು ಹುಡುಕಿದ. ಹಿಂದೆ, ಮೂಲೆಯಲ್ಲಿ, ಕುಗ್ಗಿಕೊಂಡು ನಿಂತಿರುತ್ತಾಳೆ ಎಂದು ಅಲ್ಲೇ ಹುಡುಕಿದ. ಅವಳು ಅಲ್ಲಿರಲಿಲ್ಲ. ಮುಂದಿನ ಸಾಲಿನಲ್ಲಿ, ಸರಿಯಾಗಿ ನಡುವೆ ಇದ್ದಳು. ಅವಳ ಎರಡೂ ಕಡೆ ಹುಡುಗಿಯರು ಅವಳ ಭುಜಕ್ಕೆ ಭುಜ ತಾಗಿಸಿ, ತಾಗಿಸಿದ್ದೇ ಒಂದು ಹೆಮ್ಮೆ ಎಂಬಂತೆ ನಿಂತಿದ್ದರು. ಅವನಿಗೆ ಒಂದು ಗಳಿಗೆ ಹಿಗ್ಗಾಯಿತು. ಅವಳು ಮಾತ್ರ ಅವನ ಕೋಟಿನ ಎರಡನೇ ಗುಂಡಿಯನ್ನು ನೋಡುತ್ತಿದ್ದಳು, ಅದಕ್ಕಿಂತ ಮೇಲೆ ಅಲ್ಲ.

ಬಾವಿಯ ಕಥೆ ಹೇಳಿದ. ಗಂಟೆಯ ಕಥೆ ಹೇಳಿದ. ಮಕ್ಕಳು ಕೇಳಲಿಲ್ಲ, ಏನನ್ನೋ ಕಾಯುವವರ ಹಾಗೆ ಕಾಲು ಬದಲಿಸುತ್ತಿದ್ದರು. ಅವನು ಕೆಳಗಿನ ಕೋಣೆಗಳ ಕಡೆ ತಿರುಗಿ, "ಬನ್ನಿ, ಈಗ ಇಳಿಯೋಣ" ಎಂದ.

"ಸಾರ್, ಆಟ?" ಎಂದು ಯಾರೋ ಕೂಗಿದರು. "ಆಟ! ಆಟ!"

"ಇವತ್ತು ಆಟ ಇಲ್ಲ, ಮಕ್ಕಳೇ. ಕತ್ತೆಗೆ ನೆಗಡಿ."

ಯಾರೂ ನಗಲಿಲ್ಲ. ಟೀಚರು ಮುಂದೆ ಬಂದರು. "ಹಾಗನ್ಬೇಡಿ ಸಾರ್. ಇವರು ಮಧ್ಯಾಹ್ನದ ಬಿಡುವಲ್ಲಿ ದಿನಾ ಇದನ್ನೇ ಆಡ್ತಾರೆ. ನಿಮ್ಮ ಮಗಳೇ ಕಲಿಸಿರೋದು. ಎಲ್ಲರಿಗೂ ಬಾಯಿಪಾಠ! ನನ್ನ ಇತಿಹಾಸದ ಪಾಠ ಒಬ್ಬರಿಗೂ ಬರಲ್ಲ, ಇದು ಮಾತ್ರ ನೋಡಿ... ಎಲ್ಲಿ, ಶುರು ಮಾಡಿ, ಒಂದು, ಎರಡು..."

ಮಕ್ಕಳು ಶುರು ಮಾಡಿದರು. "ಕೇಳಿರಿ, ಕೇಳಿರಿ, ಕಿವಿಯಿದ್ದವರೆಲ್ಲ ಕೇಳಿರಿ! ಇಲ್ಲದವರಿಗೆ ಕತ್ತೆಯ ಕಿವಿ ಕೊಡುತ್ತೇವೆ!" ಅವನ ಮಾತು. ಅವನೇ ಒಂದು ಸಂಜೆ ಅಡುಗೆಮನೆಯಲ್ಲಿ ಕಟ್ಟಿದ ಮಾತು. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೋ ಅಲ್ಲೇ ನಲವತ್ತು ಬಾಯಿಯೂ ಉಸಿರು ತೆಗೆದುಕೊಂಡವು. ಎಲ್ಲಿ ದನಿ ಇಳಿಸುತ್ತಾನೋ ಅಲ್ಲಿ ನಲವತ್ತು ದನಿ ಇಳಿಯಿತು. ತನ್ನ ಗಂಟಲನ್ನು ಯಾರೋ ಕತ್ತರಿಸಿ ಚೂರು ಚೂರಾಗಿ ಹಂಚಿದ ಹಾಗೆನ್ನಿಸಿ ಅವನು ಪೀಠದ ಕೈ ಹಿಡಿದುಕೊಂಡ. ಮಗಳು ಒಬ್ಬಳೇ ಬಾಯಿ ತೆರೆದಿರಲಿಲ್ಲ.

"ಆರೋಪಿಯನ್ನು ಕರೆಯಿರಿ!" ಎಂದು ಮುಗಿಯಿತು ಕೋರಸ್ಸು.

ಅವನು ಕರೆಯಲಿಲ್ಲ. ಕರೆಯುವುದು ಬೇಕಿರಲಿಲ್ಲ. ಸಾಲಿನ ತುದಿಯಿಂದ ಒಬ್ಬ ಹುಡುಗಿ ತಾನಾಗಿಯೇ ಹೊರಬಂದಳು. ಸಣ್ಣ ಆಳು; ಅಕ್ಕನದ್ದೋ ಯಾರದ್ದೋ ಇರಬೇಕು, ತೋಳು ಬೆರಳ ತುದಿಗೆ ಬರುವ ಸ್ವೆಟರು. ನಡೆಯುವಾಗ ಆ ಕಡೆ ಈ ಕಡೆ ನೋಡಲಿಲ್ಲ. ಕಪ್ಪುಹಲಗೆ ಒರೆಸಲು ಹೋಗುವ ಹುಡುಗಿಯ ಹಾಗೆ, ತನ್ನ ಪಾಳಿಯ ಕೆಲಸ ಎಂಬ ಹಾಗೆ ಬಂದು, ನಾಚಿಕೆಕಲ್ಲಿನ ಮೇಲಿನ ಧೂಳನ್ನು ಸ್ವೆಟರಿನ ತೋಳಿಂದ ಝಾಡಿಸಿ, ಕೂತಳು. ಮಂಡಿ ಜೋಡಿಸಿದಳು. ಕಲ್ಲು ಶಾಲೆಯದಕ್ಕಿಂತ ಎತ್ತರವೋ ತಗ್ಗೋ ಎಂದು ಒಂದು ಸಲ ಅಲುಗಾಡಿ ನೋಡಿದಳು. ಒಂಬತ್ತು ವರ್ಷದಲ್ಲಿ ಆ ಕಲ್ಲಿನ ಮೇಲೆ ಯಾರೂ ಅಷ್ಟು ಸಲೀಸಾಗಿ ಕೂತಿರಲಿಲ್ಲ.

"ಇವಳೇ ಯಾಕೆ?" ಅವನು ಟೀಚರನ್ನು ಕೇಳಿದ.

"ಇವಳೇ ಸಾರ್ ಆರೋಪಿ. ಎಲ್ಲರೂ ಹಾಗೇ ಕರೀತಾರೆ, ಪ್ರೀತಿಗೆ. ಹಾಜರಿ ಕರೆಯುವಾಗ ನನ್ನ ಬಾಯಲ್ಲೂ ಒಂದೊಂದ್ಸಲ ಬಂದುಬಿಡುತ್ತೆ!" ಟೀಚರು ನಕ್ಕರು. ಒಳ್ಳೆಯ ನಗು, ಕಪಟ ಇಲ್ಲದ್ದು.

ಹುಡುಗಿಯರು ಮಗಳನ್ನು ಪೀಠದ ಕಡೆ ತಳ್ಳಿದರು. "ಹೋಗೇ, ದೊರೆ ನೀನೇ ತಾನೆ. ನಿಮ್ಮಪ್ಪನ ಕುರ್ಚಿ!" ಅವಳು ಹತ್ತಿ ಕೂತಳು. ಅವನನ್ನು ದಾಟಿ ಹೋಗುವಾಗ ತುಟಿ ಅಲುಗಾಡಿಸದೆ, ಅವನಿಗಷ್ಟೇ ಕೇಳುವ ಹಾಗೆ, "ಹೇಳಿದ್ದೆ ನಿಂಗೆ, ರಜ ಹಾಕು ಅಂತ" ಎಂದಳು. ಆಗ ಅವನಿಗೆ ತಿಳಿಯಿತು. ಬೆಳಗಿನಿಂದ ಬಸ್ಸಿನುದ್ದಕ್ಕೂ ತಾನು ತಿರುಗಿಸಿ ತಿರುಗಿಸಿ ನೋಡಿದ ಅವಳ ನಾಚಿಕೆ ತನ್ನ ಬಗ್ಗೆ ಆಗಿರಲಿಲ್ಲ. ಅವಳು ಅಪ್ಪನನ್ನು ಗೆಳತಿಯರಿಂದ ಬಚ್ಚಿಡಲಿಲ್ಲ. ಗೆಳತಿಯರನ್ನು, ಮಧ್ಯಾಹ್ನದ ಬಿಡುವನ್ನು, ಈ ಸ್ವೆಟರಿನ ಹುಡುಗಿಯನ್ನು ಅಪ್ಪನಿಂದ ಬಚ್ಚಿಡಲು ನೋಡಿದ್ದಳು. ಹಾಗಿದ್ದರೆ ಅವಳಿಗೆ ಗೊತ್ತಿದೆ. ಇದು ಕೆಟ್ಟದ್ದು ಎಂದು ಗೊತ್ತಿದೆ, ಮಧ್ಯಾಹ್ನ ಬುತ್ತಿ ಮುಗಿಸಿ ಕೈತೊಳೆದು ಬಂದು ದಿನವೂ ಇದನ್ನು ಮಾಡುತ್ತಾಳೆ.

"ನಿನ್ನ ತಪ್ಪೇನು?" ಮಕ್ಕಳು ಒಟ್ಟಾಗಿ ಕೇಳಿದರು.

ಕಲ್ಲಿನ ಮೇಲಿನ ಹುಡುಗಿ ಮಗ್ಗಿ ಹೇಳುವ ದನಿಯಲ್ಲಿ ಶುರು ಮಾಡಿದಳು. "ನಾನು ನೀರಿನ ನಲ್ಲಿಗೆ ಮೊದಲು ಬಾಯಿ ಇಟ್ಟೆ. ನನ್ನ ಸ್ವೆಟರು ಮನೆ ಒರೆಸೋ ಬಟ್ಟೆ ಥರ ವಾಸನೆ. ನಾನು ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ತಗೊಂಡೆ. ನಮ್ಮಮ್ಮ ಶಾಲೆಗೆ ಬಂದು ದೂರು ಹೇಳಿದ್ರು. ಅಮ್ಮ ಹೇಳಿದ್ದು ಸುಳ್ಳು ಅಂತ ನಾನು ಹೇಳಬೇಕಾಯ್ತು. ನಾನು ಹೇಳೋದು ಸ್ವಲ್ಪ ತಡ ಮಾಡಿದೆ." ತಡೆದು ನೆನಪಿಸಿಕೊಂಡಳು. "ನಿನ್ನೆ ಅತ್ತುಬಿಟ್ಟೆ. ಅಳಬಾರದು ಅಂತ ಇತ್ತು."

ಟೀಚರ ನಗು ಮುಖದ ಮೇಲೇ ಇತ್ತು, ಆದರೆ ಅದರೊಳಗಿಂದ ಯಾರೋ ಎದ್ದುಹೋದ ಹಾಗಿತ್ತು. "ಮಕ್ಕಳು..." ಎಂದರು. ಪೀಪಿಯನ್ನು ಬೆರಳಲ್ಲಿ ಹಿಡಿದುಕೊಂಡರು, ಊದಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಮೇಲ್ವಿಚಾರಕ ಕೈಗಡಿಯಾರ ತೋರಿಸಿ ಬೇಗ ಎಂದು ಸನ್ನೆ ಮಾಡಿದ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಹುಡುಗಿಯ ಕೈ ಹಿಡಿದು ಎಬ್ಬಿಸಬಹುದಿತ್ತು, ಅದಕ್ಕೆ ಯಾವ ಶಾಸ್ತ್ರವೂ ಬೇಕಿರಲಿಲ್ಲ. ಆದರೆ ಅವನ ಮನಸ್ಸು ಮಗಳನ್ನು ಉಳಿಸಿಕೊಳ್ಳುವ ದಾರಿ ಹುಡುಕುತ್ತಿತ್ತು, ಕಲ್ಲಿನ ಮೇಲಿದ್ದವಳನ್ನಲ್ಲ. ಇನ್ನೂ ಒಂದು ಅವಕಾಶ ಇದೆ. ಒಬ್ಬರೂ ಕ್ಷಮಿಸಿಲ್ಲ, ಇವಳು ಕ್ಷಮಿಸಲಿ. ಎಲ್ಲರೆದುರು ಆ ಒಂದು ಮಾತು ಇವಳ ಬಾಯಿಂದ ಬರಲಿ, ಆಮೇಲೆ ಮನೆಯಲ್ಲಿ ಕೂತು ಮಾತಾಡೋಣ, ಶಾಲೆಗೆ ಹೋಗೋಣ, ಆ ತಾಯಿಯ ಮನೆಗೂ ಹೋಗಿ ಬರೋಣ. ಅವನು ಪೀಠದ ಮುಂದೆ ಮಂಡಿಯೂರಿ, ಆಟದಲ್ಲಿ ಇಲ್ಲದ ದನಿಯಲ್ಲಿ, "ತೀರ್ಪು ಕೊಡು, ಕಂದಾ. ಮೂರರಲ್ಲಿ ಯಾವುದು? ಯೋಚಿಸಿ ಹೇಳು" ಎಂದ. ಕಣ್ಣಲ್ಲೇ ಬೇಡಿಕೊಂಡ. ಮಗಳು ಮೊದಲ ಸಲ ಅವನ ಮುಖ ನೋಡಿದಳು. ಅವಳ ಕಣ್ಣಲ್ಲೂ ಏನೋ ಇತ್ತು, ಮೂರು ವರ್ಷದವಳದ್ದು. ಆಮೇಲೆ ಗೆಳತಿಯರ ಕಡೆ ನೋಡಿದಳು.

"ಕ್ಷಮೆ" ಎಂದಳು.

ಅವನ ಎದೆಯೊಳಗೆ ಏನೋ ಕಳಚಿ ಹಗುರಾಯಿತು. ಮಗಳೇ, ಎಂದ ಮನಸ್ಸಿನಲ್ಲಿ. ನನ್ನ ಮಗಳೇ. ಆಗ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಿಸಕ್ಕೆಂದದ್ದು ಸಾಲಿನಿಂದ ಸಾಲಿಗೆ ಹೋಯಿತು. ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದರು. ಕಲ್ಲಿನ ಮೇಲಿದ್ದ ಹುಡುಗಿ ಏಳಲಿಲ್ಲ. ಅಷ್ಟು ಹೊತ್ತೂ ಅಲುಗಾಡದವಳು ಈಗ ಅವನ ಕೋಟಿನ ತುದಿ ಹಿಡಿದುಕೊಂಡಳು.

"ಕ್ಷಮೆ ಬೇಡ, ಸಾರ್. ಕತ್ತೆಮುಖ ಹಾಕಿಬಿಡಿ."

"ಯಾಕಮ್ಮಾ? ಕ್ಷಮಿಸಿದಳಲ್ಲ, ಮುಗೀತಲ್ಲ."

"ಮುಗಿಯಲ್ಲ ಸಾರ್." ಹೊಸದಾಗಿ ಆಟಕ್ಕೆ ಸೇರಿದವನಿಗೆ ನಿಯಮ ತಿಳಿಸುವ ತಾಳ್ಮೆಯಿಂದ ಅವಳು ಹೇಳಿದಳು. "ಕ್ಷಮೆ ಅಂದ್ರೆ ಇವತ್ತಿನದು ನಾಳೆಗೆ. ನಾಳೆ ಎರಡು ಸಲ. ಅವತ್ತೂ ಕ್ಷಮೆ ಅಂದ್ರೆ ನಾಲ್ಕು. ನಮ್ಮ ಕ್ಲಾಸಲ್ಲಿ ಕತ್ತೆಮುಖ ಇಲ್ಲ, ಕಸದ ಬುಟ್ಟಿ. ತಪ್ಪು ದೊಡ್ಡದು ಅಂದ್ರೆ ಬುಟ್ಟಿ ಖಾಲಿ ಮಾಡದೇನೇ ತಲೆಗೆ ಹಾಕ್ತಾರೆ. ಇದು ಚೆನ್ನಾಗಿದೆ, ಇದರಲ್ಲಿ ಏನೂ ಇಲ್ಲ. ಇದನ್ನೇ ಹಾಕಿ ಸಾರ್, ಇವತ್ತಿಂದು ಇಲ್ಲೇ ಮುಗಿದುಹೋಗುತ್ತೆ."

"ಈ ಕಾನೂನು ಯಾರು ಮಾಡಿದ್ದು?"

ಹುಡುಗಿ ಕೋಟಿನ ತುದಿ ಬಿಟ್ಟು ಮತ್ತೆ ಮಂಡಿ ಜೋಡಿಸಿದಳು. ಉತ್ತರ ಕೊಡಬಾರದು ಎಂದೂ ಒಂದು ಕಾನೂನು ಇದ್ದಿರಬೇಕು. ನಲವತ್ತು ಜೊತೆ ಕಣ್ಣು ಪೀಠದ ಕಡೆ ತಿರುಗಿದವು, ಹೆಮ್ಮೆಯಿಂದ. ಬಾವಿಗೆ ದಂಡನೆ ಕೊಟ್ಟವನಿಗೂ, ಗಂಟೆ ಹೂಳಿಸಿದವನಿಗೂ ಇದು ಹೊಳೆದಿರಲಿಲ್ಲ. ಅಷ್ಟು ದಫ್ತರಗಳಲ್ಲಿ ಕ್ಷಮೆಯನ್ನೇ ಶಿಕ್ಷೆ ಮಾಡಿದವನು ಒಬ್ಬನೂ ಸಿಕ್ಕಿರಲಿಲ್ಲ. ಅವನು ಮಗಳನ್ನು ನೋಡಿದ. ಅವಳ ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ. ದೊಡ್ಡವರಿಗೆಂದು ಮಾಡಿದ ಪೀಠದಲ್ಲಿ, ಬೆಳಿಗ್ಗೆ ಬಿಗಿದು ಬಿಗಿದು ಕಟ್ಟಿಕೊಂಡ ಬೂಟುಗಳು ಗಾಳಿಯಲ್ಲಿ ತೂಗುತ್ತಿದ್ದವು. ಆ ಚಿಕ್ಕ ಕಾಲು ಕಂಡು ಕರುಳು ಕರಗಬೇಕಿತ್ತು. ಎದ್ದದ್ದು ಸಿಟ್ಟು. ಸಿಟ್ಟು ಯಾರ ಮೇಲೆ ಎಂದು ಕೇಳಿಕೊಳ್ಳಲು ಒಂದು ಉಸಿರಿನ ಬಿಡುವು ಸಾಕಿತ್ತು. ಅವನು ತೆಗೆದುಕೊಳ್ಳಲಿಲ್ಲ.

"ಇಳಿ" ಎಂದ.

"ಅಪ್ಪಾ..."

ರಟ್ಟೆ ಹಿಡಿದು ಇಳಿಸಿದ. ಸ್ವೆಟರಿನ ಹುಡುಗಿಯನ್ನು ಎಬ್ಬಿಸಿ ಆ ಜಾಗದಲ್ಲಿ ಮಗಳನ್ನು ಕೂರಿಸಿದ. ತಗಡಿನ ಕತ್ತೆಮುಖವನ್ನು ಎರಡೂ ಕೈಯಲ್ಲಿ ಎತ್ತಿದ. ಎಷ್ಟು ಸಲ ಎತ್ತಿದ ಕೈ. ತಲೆಯ ಅಳತೆ ಕಣ್ಣಿಗೇ ಗೊತ್ತು. ಜಡೆ ಸಿಕ್ಕಿಕೊಳ್ಳದಂತೆ ಒಳಗೆ ಸೇರಿಸಿ ಹಾಕುವ ಅಭ್ಯಾಸ ಈಗಲೂ ತಪ್ಪಲಿಲ್ಲ. ಅಷ್ಟು ಮುತುವರ್ಜಿಯಿಂದ ಮಗಳ ಜಡೆ ಒಳಗೆ ಸೇರಿಸಿದ. ಕೊಂಡಿ ಬಿತ್ತು. ಬಿದ್ದ ಸದ್ದಿನ ಜೊತೆಗೇ ಅವನ ಮೈಯಲ್ಲೆಲ್ಲ ಒಂದು ತಂಪು ಹರಿಯಿತು, ಸರಿಯಾದದ್ದನ್ನು ಮಾಡಿದವನ ತಂಪು. ಬಹಳ ವರ್ಷದಿಂದ ಕಾಣದಿದ್ದ ನೆಮ್ಮದಿ. ಅವನು ಮಕ್ಕಳ ಕಡೆ ತಿರುಗಿ, "ಈಗ ನೋಡಿ!" ಎಂದ. ಈಗ ಅವರಿಗೆ ತಿಳಿಯಬೇಕು. ಈಗ ಹಜಾರದಲ್ಲಿ ಸೂಜಿ ಬಿದ್ದರೂ ಕೇಳುವ ಮೌನ ಬೀಳಬೇಕು.

ಒಂದು ಕ್ಷಣ ಬಿತ್ತು ಕೂಡ. ಆ ಮೌನದಲ್ಲಿ ಮೊದಲು ನಕ್ಕವಳು ಸ್ವೆಟರಿನ ಹುಡುಗಿ. ನಗಬೇಕೆಂದು ನಕ್ಕದ್ದಲ್ಲ; ಕಟ್ಟೆ ಒಡೆದ ಹಾಗೆ, ತಡೆಯಲು ಬಾಯಿಗೆ ಒತ್ತಿದ ತೋಳಿನ ಸುತ್ತಮುತ್ತಲಿಂದ ಅದು ಹೊರಬಂತು. ಅವಳ ಹಿಂದೆ ಎಲ್ಲರೂ. ಮೊದಲು ಮಗಳ ಭುಜಕ್ಕೆ ಭುಜ ತಾಗಿಸಿ ನಿಂತಿದ್ದ ಇಬ್ಬರು, ಆಮೇಲೆ ಹುಡುಗರು, ಆಮೇಲೆ ಹಿಂದಿನ ಸಾಲು, ನೋಡಲು ಜಿಗಿದು ಜಿಗಿದು. ಒಬ್ಬ ಹುಡುಗ ಕತ್ತೆಯ ಹಾಗೆ ಅರಚಿದ; ಥೇಟು ಅವನದೇ ಅರಚು, ಮಗಳು ತಿದ್ದಿಕೊಟ್ಟದ್ದು. "ಹೊಸಾ ಆರೋಪಿ! ಹೊಸಾ ಆರೋಪಿ!" ಎಂದು ಯಾರೋ ಶುರು ಮಾಡಿದರು. ಟೀಚರಿಗೆ ಕೊನೆಗೂ ಉಸಿರು ಬಂತು. "ಸರಿಯಾಗಿ ಬುದ್ಧಿ ಕಲಿಸಿದ್ರಿ ಸಾರ್. ಸ್ವಂತ ಮಗಳಿಗೇ! ನೋಡಿ ಮಕ್ಕಳೇ, ನ್ಯಾಯ ಅಂದ್ರೆ ಹೀಗಿರಬೇಕು" ಎಂದು ಚಪ್ಪಾಳೆ ತಟ್ಟಿದರು. ಮೇಲ್ವಿಚಾರಕನೂ ತಟ್ಟಿದ. ಇದನ್ನು ದಿನಾ ಇಡಬಹುದು ಎನ್ನುವ ಮುಖ.

ಅವನು ಕೊಂಡಿಗೆ ಕೈ ಹಾಕಿದ. ಬೆರಳು ಜಾರಿತು. ಮತ್ತೆ ಹಾಕಿದ. ತಗಡಿನೊಳಗಿಂದ ಸದ್ದು ಬಂತು. ಅವನು ಬಗ್ಗಿ ಆ ಉದ್ದ ಕಿವಿಯ ಬುಡಕ್ಕೆ ತನ್ನ ಕಿವಿ ಹಿಡಿದ.

"ತೆಗೀಬೇಡ ಅಪ್ಪಾ," ಮಗಳು ಹೇಳಿದಳು. "ಅವರು ನಗೋದು ನಿಲ್ಲಲಿ. ಆಮೇಲೆ ತೆಗಿ. ಈಗ ತೆಗೆದ್ರೆ ಮುಖ ನೋಡಿಬಿಡ್ತಾರೆ."

ಅವನು ಅಲ್ಲೇ ಕೂತ, ಕಲ್ಲಿನ ಪಕ್ಕ, ನೆಲದ ಮೇಲೆ. ಎರಡೂ ತೋಳಲ್ಲಿ ಆ ಕತ್ತೆಯ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡ. ತಗಡು ತಣ್ಣಗಿತ್ತು, ಒಳಗೆ ಉಸಿರು ಬಿಸಿಯಾಗಿ, ಗೊರಗೊರ ಎಂದು ಓಡುತ್ತಿತ್ತು. ಆಗುತ್ತೆ, ಈಗ ಆಗುತ್ತೆ, ನಿಲ್ಲುತ್ತೆ ಎಂದು ಅವನು ಹೇಳುತ್ತಲೇ ಇದ್ದ. ಹಜಾರದ ಒಂದು ತುದಿಯಲ್ಲಿ ನಗು ಇಳಿದರೆ ಇನ್ನೊಂದು ತುದಿಯಲ್ಲಿ ಏಳುತ್ತಿತ್ತು. ನಿಧಾನವಾಗಿ, ಬಹಳ ನಿಧಾನವಾಗಿ ಅದು ಕಡಿಮೆಯಾಗುತ್ತ ಬಂತು. ಇನ್ನು ಇಬ್ಬರು, ಒಬ್ಬಳು. ಅವನು ಕೊಂಡಿಯ ಮೇಲೆ ಬೆರಳಿಟ್ಟ. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು, ಕಾದು ನಿಂತಿದ್ದ ಮುಂದಿನ ಗುಂಪು ಒಳಗೆ ಬಂತು. ಗಂಡ ಹೆಂಡಿರು, ಹೆಗಲ ಮೇಲೆ ಮಕ್ಕಳು, ಕೈಯಲ್ಲಿ ನೀರಿನ ಬಾಟಲಿ. ಅವರು ನಿಂತು ನೋಡಿದರು. ಕೆಂಪು ಕೋಟಿನ ಒಬ್ಬ ಗಂಡಸು ನೆಲದಲ್ಲಿ ಕೂತು ಕತ್ತೆಮರಿಯೊಂದನ್ನು ಅಪ್ಪಿಕೊಂಡು ತೂಗುತ್ತಿದ್ದ. ಏನು, ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ನಗಲು ಶುರು ಮಾಡಿದರು.